ಬಾಗಿಲಿನಿಂದ ಹಿಂದಿರುಗಿದವಳು

ಮುಧೋಳದ ಹಾಡಿನ ತಂಡದಲ್ಲಿ ಎರಡನೆಯ ಸಾಲಿನಲ್ಲಿದ್ದ ಮಾರ್ಥಾ ಮೊದಲ ಚರಣ ಮುಗಿಸಿ ಕಣ್ಣೆತ್ತಿದಳು. ಎದುರಿಗೆ, ಗಂಡಸರ ಸಾಲಿನ ಚಾಪೆಯ ಮೇಲೆ, ಎಲೀಷ ಕುಳಿತಿದ್ದ. ಅವಳ ದನಿ ಅಲ್ಲಿಗೇ ನಿಂತುಹೋಯಿತು.

ಅವನು ಮಹಾರಾಷ್ಟ್ರದ ಇಚಲಕರಂಜಿಯಲ್ಲಿದ್ದಾನೆಂದು ಕೇಳಿದ್ದಳು. ಆ ಧೈರ್ಯದಿಂದಲೇ ರಬಕವಿಯ ಚರ್ಚಿನ ಸ್ತೋತ್ರಕೂಟಕ್ಕೆ ಟೆಂಪೋ ಹತ್ತಿದ್ದಳು. ಅವನೋ ಒಂದು ಹುಬ್ಬು ಸ್ವಲ್ಪವೇ ಏರಿಸಿ, 'ಯಾಕ, ಹಾಡು ಮರತೇನು?' ಎಂದು ಕೇಳುವ ಹಾಗೆ ಅವಳನ್ನೇ ನೋಡುತ್ತಿದ್ದ. ಹಿಂದೆಯೂ ಹೀಗೇ ನೋಡುತ್ತಿದ್ದವನು. ಅವನ ನೋಟಕ್ಕೆ ನಾಚುವ ಹಕ್ಕನ್ನು ತಾನು ಎಂದೋ ಕಳೆದುಕೊಂಡೆ ಎನಿಸಿ ಮಾರ್ಥಾ ತಲೆ ತಗ್ಗಿಸಿದಳು.

ಮೂರು ವರ್ಷದ ಹಿಂದೆ, ೨೦೦೫ರಲ್ಲಿ, ಇಬ್ಬರಿಗೂ ನಿಶ್ಚಯವಾಗಿತ್ತು. ಅವನು ಬನಹಟ್ಟಿಯ ನೇಕಾರ, ಅವಳು ಮುಧೋಳದಲ್ಲಿ ಟೀಚರ್. ಮದುವೆಗೆ ತಿಂಗಳಿರುವಾಗ, ಹಿಪ್ಪರಗಿಯಲ್ಲಿ ಸೋದರಮಾವನ ಗಾಣಕ್ಕೆ ಕಬ್ಬು ಒಡ್ಡುತ್ತಿದ್ದ ಅವನ ಬಲಗೈ ಸಿಕ್ಕಿಕೊಂಡು ಮಣಿಕಟ್ಟಿನವರೆಗೆ ಹೋಯಿತು. ಸುದ್ದಿ ಕೇಳಿದವಳೇ ಮಾರ್ಥಾ ಜಮಖಂಡಿಯ ದವಾಖಾನೆಗೆ ಓಡಿದಳು. ವಾರ್ಡಿನ ಬಾಗಿಲಲ್ಲಿ ನಿಂತಳು. ಬಿಳಿ ಬ್ಯಾಂಡೇಜು ಕಂಡಿತು. ಅದರಾಚೆ ಬೆರಳಿರಲಿಲ್ಲ. ಒಂದು ಹೆಜ್ಜೆ ಒಳಗಿಡಲಾರದೆ ಅಲ್ಲಿಂದಲೇ ತಿರುಗಿ ನಡೆದಳು.

ಮನೆಯಲ್ಲಿ ಅಪ್ಪ, "ಈ ಸಂಬಂಧ ಬ್ಯಾಡವಾ" ಎಂದಾಗ ತುಟಿ ಬಿಚ್ಚಲಿಲ್ಲ. ಮುರಿದವನು ಅಪ್ಪನೇ ಎಂದು ಎಲ್ಲರೂ ತಿಳಿದರು. ತಿಳಿಯಲಿ ಎಂದು ಸುಮ್ಮನಿದ್ದಳು. ದವಾಖಾನೆಗೆ ಹೋಗಿದ್ದನ್ನು ಯಾರಿಗೂ ಹೇಳಲಿಲ್ಲ.

ಹಾಡು ಮುಗಿಯಿತು. "ದೇವರು ಮಾಡಿದ ಉಪಕಾರಕ್ಕ ಸಾಕ್ಷಿ ಹೇಳೋರು ಮುಂದ ಬರ್ರಿ," ಎಂದರು ಪಾಸ್ಟರು. ಎಲೀಷ ಎದ್ದುನಿಂತ.

"ಕೈ ಹೋದಾಗ ದೇವರ ಜೋಡಿ ಭಾಳ ಜಗಳಾಡೇನ್ರಿ. ಆರು ತಿಂಗಳ ಸಭಾಕ್ಕ ಬರಲಿಲ್ಲ. ನಮ್ಮವ್ವ ಎಡಗೈಯಾಗ ಒಂದ ಪೆನ್ಸಿಲ್ ಕೊಟ್ಲು. ಹೆಸರ ಬರಿಯಾಕ ಬರಲಿಲ್ಲ, ಹೂವ ತಗದ್ನಿ. ಈಗ ಇಚಲಕರಂಜ್ಯಾಗ ಕಲತ ಬಂದೇನಿ, ಸೀರಿ ಸೆರಗಿಗೆ ಡಿಸೈನ್ ತಗೀತೇನಿ. ಮೊದಲ ಮಂದಿ ತಗದದ್ದನ್ನ ನಾ ನೇಯ್ತಿದ್ನಿ, ಈಗ ನಾ ತಗದದ್ದನ್ನ ಮಂದಿ ನೇಯ್ತಾರ. ಕೈ ಹೋಗಿದ್ದು ಛಲೋ ಆತು ಅಂತ ನಾ ಅನ್ನಂಗಿಲ್ರಿ. ಅದು ಕೆಟ್ಟದ್ದ. ಆದ್ರ ಆ ಕೆಟ್ಟದ್ದರಾಗಿಂದೂ ಛಲೋದು ತಗದಾನಲ್ಲ, ಆ ಕರ್ತಗ ಸ್ತೋತ್ರ."

"ಸ್ತೋತ್ರ" ಎಂದರು ಎಲ್ಲರೂ. ಮಾರ್ಥಾಳ ಬಾಯಿಂದ ಆ ಮಾತು ಹೊರಡಲಿಲ್ಲ. ಆ ಕೆಟ್ಟದ್ದರಲ್ಲಿ ತಾನೂ ಒಬ್ಬಳು. ಅವನು ಹೆಸರು ಹೇಳಿರಲಿಲ್ಲ, ಅಷ್ಟೇ.

ಜನ ಊಟಕ್ಕೆ ಏಳುವಾಗ ಅವಳು ಅಂಗಳದ ನೀರಿನ ಟಾಕಿಯ ಹತ್ತಿರ ಹೋಗಿ ನಿಂತಳು. ಬೆನ್ನ ಹಿಂದೆ ಎಲೀಷನ ದನಿ ಕೇಳಿತು.

"ಟೀಚರ್, ಎರಡನೇ ಚರಣ ನುಂಗಿಬಿಟ್ರಲ್ಲ?"

"ನೀವು ಹಂಗ್ಯಾಕ ನೋಡಿದ್ರಿ ಮತ್ತ?"

"ನೋಡಾಕೂ ಪಾಸ್ಟರ್ ಕಡೆ ಪರ್ಮಿಶನ್ ತಗೋಬೇಕೇನು?"

ನಗು ಬಂತು, ಆದರೆ ನಗಲಿಲ್ಲ. ಅವಳು ನೆಲ ನೋಡುತ್ತಾ ಹೇಳಿದಳು: "ಅಪ್ಪ ಮುರದಿದ್ದಲ್ರಿ. ನಾ ದವಾಖಾನಿಗೆ ಬಂದಿದ್ನಿ. ಬಾಗಲತನಕ ಬಂದು..."

"ಗೊತ್ತೈತಿ."

ಅವಳು ಬೆಚ್ಚಿ ತಲೆಯೆತ್ತಿದಳು.

"ಎಚ್ಚರ ಇದ್ನಿ ಮಾರ್ಥಾ. ನೀ ತಿರುಗಿ ಹೋಗೂದು ನೋಡಿದ್ನಿ."

ನಿಂತ ನೆಲ ಬಾಯಿಬಿಟ್ಟು ನುಂಗಬಾರದೇ ಎನಿಸಿತು ಅವಳಿಗೆ. ಮೂರು ವರ್ಷ ತಾನು ಮುಚ್ಚಿಟ್ಟದ್ದನ್ನು ಅವನು ಮೊದಲ ದಿನವೇ ಕಂಡಿದ್ದ. ಕಂಡೂ ಅಪ್ಪನ ಮೇಲೆ ಬಂದ ಮಾತನ್ನು ಅವಳ ಕಡೆ ತಿರುಗಿಸಿರಲಿಲ್ಲ.

"ಯಾರಿಗೂ ಹೇಳಲಿಲ್ಲೇನ್ರಿ?"

"ಅವ್ವಗ ಒಬ್ಬಾಕಿಗೇ."

"ಹಂಗಾರ ನಾ ಮಾಡಿದ್ದರಾಗಿಂದ ಏನ ಛಲೋದು ಬಂತ್ರಿ?"

ಎಲೀಷನ ಕಿವಿಯ ತುದಿ ಕೆಂಪಾಯಿತು. "ಅದರಾಗಿಂದ ಇನ್ನೂ ಏನೂ ಬಂದಿಲ್ಲ," ಎಂದ ಮೆಲ್ಲಗೆ. "ಕಾಯಾಕತ್ತೇನಿ."

ಮಾರ್ಥಾಳ ಕಣ್ಣು ತುಂಬಿ ಹರಿಯಿತು. ಸೆರಗಿನಿಂದ ಒರೆಸಿಕೊಂಡು, "ಮುರದಾಕಿ ನಾನ ಅಂತ ಇವತ್ತ ಅಪ್ಪಗ ಹೇಳ್ತೇನಿ," ಎಂದಳು. "ಮತ್ತ... ನೀವು ಹೂಂ ಅಂದ್ರ, ಮದುವಿ ಆದ್ರ ನಿಮ್ಮನ್ನ ಆಗಾಕಿ ಅಂತನೂ ಹೇಳ್ತೇನಿ."

ಅವನ ಹುಬ್ಬು ಮತ್ತೆ ಏರಿತು. "ನಾ ನಿಶ್ಚೆದ ದಿನ ಅಂದಿದ್ದ ಹೂಂ ಹಿಂದಕ್ಕ ತಗೊಂಡಿಲ್ಲ. ಅವ್ವನ ಒಪ್ಪಿಸೂದು ಮಾತ್ರ ನಿನ್ನ ಪಾಲು."

ಅವನ ತಾಯಿ ಮುತ್ತವ್ವ ಹೋಳಿಗೆಯ ಬುಟ್ಟಿಯ ಮುಂದೆ ನಿಂತಿದ್ದಳು. ಹತ್ತಿರ ಬಂದ ಮಾರ್ಥಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀ ದವಾಖಾನಿ ಬಾಗಲದಿಂದ ಹೊಳ್ಳಿ ಹೋದಮ್ಯಾಲ ನನ್ನ ಮಗ ಗೋಡಿಗೆ ಮಾರಿ ಮಾಡಿ ಮೂರ ದಿನ ಮಲಗಿದ್ದ. ಗೊತ್ತೈತೇನ ನಿನಗ?"

ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಮಾರ್ಥಾಳ ಮುಖದಲ್ಲಿ ರಕ್ತ ಉಳಿಯಲಿಲ್ಲ.

"ಗೊತ್ತಿರಲಿಲ್ರಿ. ತಪ್ಪಾತ್ರಿ ಅತ್ತಿ."

ಅತ್ತಿ ಎಂಬ ಮಾತು ತಾನಾಗಿ ಜಾರಿತ್ತು. ಮುದುಕಿ ಬುಟ್ಟಿಯನ್ನು ಮುಂದಕ್ಕೆ ತಳ್ಳಿದಳು.

"ಕೈ ತೊಳಕೊಂಡ ಬಾ. ಬಡಸಾಕ ಮಂದಿ ಸಾಲವಲ್ರು."

ಎಲ್ಲರ ಕಣ್ಣೂ ಮೈಮೇಲಿರುವಾಗಲೇ ಮಾರ್ಥಾ ಬಗ್ಗಿ ಬಗ್ಗಿ ಬಡಿಸಿದಳು. ಅವಮಾನ ಇನ್ನೂ ಸುಡುತ್ತಿತ್ತು. ಆದರೂ ಒಳಗೆ ಯಾರೋ ತಂಪು ನೀರು ಹೊಯ್ದಂತೆ, 'ಯೋಗ್ಯಳಲ್ಲದಾಕಿಗೂ ಕೊಟ್ಟಿಯಲ್ಲ ಪರಲೋಕದ ತಂದಿ' ಎಂಬ ಒಂದೇ ಮಾತು ಮತ್ತೆ ಮತ್ತೆ ಬರುತ್ತಿತ್ತು.

ಎಲೀಷನ ತಾಟಿನ ಮುಂದೆ ಬಂದಾಗ ಅವನು ಕತ್ತೆತ್ತಿ ಗಂಭೀರವಾಗಿ ಹೇಳಿದ:

"ನಮಗ ಎರಡ ಹಾಕ್ರಿ, ಟೀಚರ್."

"ಎಲ್ಲಾರಿಗೂ ಒಂದ," ಎಂದಳು ಅವಳು. ಎಂದು, ಅತ್ತೆ ನೋಡುತ್ತಿದ್ದಾಳೆಂದು ಗೊತ್ತಿದ್ದೂ, ಮೂರು ಹಾಕಿದಳು.