ಕಸದ ಬುಟ್ಟಿಗೆ ಬಿದ್ದ ಸುಂದರಿ

ಆ ಮಧ್ಯಾಹ್ನ ನನ್ನ ಮೊಮ್ಮಗಳು ಪುಟ್ಟಿಯ ಮೂಗು ಸಿಟ್ಟಿಗೆ ಎಷ್ಟು ಕೆಂಪಾಗಿತ್ತೆಂದರೆ, ಅದರ ಮೇಲೆ ಹಾಲಿಟ್ಟಿದ್ದರೆ ಉಕ್ಕಿಬಿಡುತ್ತಿತ್ತು.

ಎದುರಿಗೆ ನಮ್ಮ ಮಹಡಿಯ ಬಾಡಿಗೆಯವನು ಕೂತು, ಲ್ಯಾಪ್‌ಟಾಪಿನಲ್ಲಿ ಏನೋ ಓದುತ್ತ ತನ್ನಷ್ಟಕ್ಕೆ ನಗುತ್ತಿದ್ದ. ಇಬ್ಬರದೂ ಪಿಎಚ್‌ಡಿ. ನನ್ನ ಊಟದ ಮೇಜೇ ಇಬ್ಬರಿಗೂ ಆಫೀಸು. ನಾಡಿದ್ದು ಪುಟ್ಟಿ ಥೀಸಿಸ್ ಕೊಟ್ಟರೆ ಮೇಜು ಖಾಲಿ. ಆಮೇಲೆ ಅವನು ಕೆಳಗಿಳಿದು ಬರುವುದಕ್ಕೆ ನೆಪವೇನು? ಹುಡುಗಿಯ ಎದೆಯಲ್ಲಿ ಕುಟ್ಟುತ್ತಿದ್ದುದು ಅದೇ.

ಕಂಪ್ಯೂಟರಿನೊಳಗೆ ಇಬ್ಬರಿಗೂ ಸೇರಿದ ಒಂದು ಲೈಬ್ರರಿ ಇತ್ತು. ಯಾವುದಾದರೂ ಲೇಖನ ಸಿಕ್ಕರೆ ಒಂದು ಬಟನ್ ಒತ್ತಿದರಾಯಿತು, ಬರೆದವರ ಹೆಸರು, ವರ್ಷ, ಪುಟ ಎಲ್ಲ ತಾವೇ ಹೋಗಿ ಒಳಗೆ ಕೂರುತ್ತಿದ್ದವು. ಕೊನೆಗೆ ಇನ್ನೊಂದು ಬಟನ್ ಒತ್ತಿದರೆ ಗ್ರಂಥಸೂಚಿ ಸಾಲುಗಟ್ಟಿ ನಿಲ್ಲುತ್ತಿತ್ತು. ಒಬ್ಬರು ಸೇರಿಸಿದ್ದು ಇಬ್ಬರಿಗೂ ಕಾಣುತ್ತಿತ್ತು. ಫಜೀತಿಯಾದದ್ದು ಅಲ್ಲೇ.

ಈಚೆಗೆ ಅವನು ಒಬ್ಬ ಪ್ರೊಫೆಸರಮ್ಮನ ಲೇಖನಗಳನ್ನೇ ತಂದು ತುಂಬುತ್ತಿದ್ದ. ಪ್ರತಿಯೊಂದರ ಪಕ್ಕ ಒಂದು ನೋಟ್: 'ಎಂಥ ಸೊಗಸು!' ಪುಟ್ಟಿ ಆಯಮ್ಮನ ಫೋಟೋ ಹುಡುಕಿದಳು. ಗುಂಗುರು ಕೂದಲು, ಕೆನ್ನೆಯಲ್ಲಿ ಗುಳಿ. ಅಂದಿನಿಂದ ನಮ್ಮನೆ ಪಾತ್ರೆಗಳು ಬೀದಿಗೆಲ್ಲ ಕೇಳುವಂತೆ ಬಡಿದಾಡುತ್ತಿದ್ದವು.

"ಅಜ್ಜೀ, ನೋಡೋಕೆ ಅಷ್ಟೇನಿಲ್ಲ ಅಲ್ವಾ?" ಎಂದು ಒಂದು ದಿನ ನನ್ನ ಮುಂದೆ ಫೋನ್ ಹಿಡಿದಳು.

"ಅಯ್ಯೋ, ಅಪ್ಸರೆ ಇದ್ದ ಹಾಗಿದ್ದಾಳೆ ಕಣೇ!" ಎಂದೆ. ಈ ವಯಸ್ಸಿನಲ್ಲಿ ನನಗೆ ಬೇರೆ ಮೋಜೇನಿದೆ?

ಆ ಮಧ್ಯಾಹ್ನ ಅವನು ಕಾಫಿ ಲೋಟ ತೊಳೆಯಲು ಒಳಗೆ ಹೋದ. ಪುಟ್ಟಿಯ ಬೆರಳು ಟಪಟಪ ಆಡಿತು. ಗುಳಿಕೆನ್ನೆಯವಳು ಬೇರುಸಹಿತ ಲೈಬ್ರರಿಯಿಂದ ಕಿತ್ತುಹೋದಳು.

ಅವನು ಕೈ ಒರೆಸಿಕೊಳ್ಳುತ್ತ ಬಂದು ಕೂತ. ಪರದೆ ನೋಡಿ ಹುಬ್ಬೇರಿಸಿದ.

"ಆಯಮ್ಮನ ಲೇಖನ ಎಲ್ಲ ಎಲ್ಲಿ ಹೋದ್ವು?"

"ನಂಗೇನು ಗೊತ್ತು? ಅಷ್ಟು ಬೇಕಾದವರಾದ್ರೆ ಎದೇಲಿಟ್ಕೋಬೇಕಿತ್ತು."

"ಎದೇಲಿಟ್ಕೊಂಡು ಏನ್ ಮಾಡ್ಲಿ? ನಿನ್ನ ಮೂರನೇ ಅಧ್ಯಾಯಕ್ಕೆ ಬೇಕಿತ್ತು. ನಿನ್ನ ವೈವಾಗೆ ಪರೀಕ್ಷಕರಾಗಿ ಬರೋದು ಅವರೇ ಅಂತೆ. ಯೂನಿವರ್ಸಿಟಿ ಆಫೀಸಲ್ಲಿ ಕಿವಿಗೆ ಬಿತ್ತು. ಪರೀಕ್ಷಕರು ಮೊದಲು ತಿರುಗಿಸೋದೇ ಕೊನೇ ಪುಟಗಳನ್ನ, ತಮ್ಮ ಹೆಸರಿದ್ಯಾ ಅಂತ."

ಪುಟ್ಟಿಯ ಮೂಗಿನ ಕೆಂಪು ಸುಯ್ಯೆಂದು ಇಳಿದು ಮುಖ ಸುಣ್ಣವಾಯಿತು. "ಮೊದಲೇ ಹೇಳ್ಬಾರ್ದಿತ್ತಾ?"

"ಹೇಳಿದ್ರೆ ಹೆದರಿ ಊಟ ಬಿಡ್ತೀಯಲ್ಲ. ನಾನೇ ಓದಿ, ಸಾರಾಂಶ ಬರೆದಿಟ್ಟು, ಇವತ್ತು ಹೇಳೋಣ ಅಂತಿದ್ದೆ."

"ನಾನೇ... ಅಳಿಸ್ಬಿಟ್ಟೆ ಕಣೋ." ಅವಳ ಕಣ್ಣಲ್ಲಿ ಕೆರೆ ಕೋಡಿ ಬಿತ್ತು. "ಎಲ್ಲಾ ಹೋಯ್ತು."

ಅವನು ಅವಳ ಕಡೆಗೆ ಬಾಗಿ ಮೌಸ್ ಹಿಡಿದ. ಅವಳ ಕೈ ಅಲ್ಲೇ ಇತ್ತು, ತೆಗೆಯಲಿಲ್ಲ. ಅವನೂ ತೆಗೆಯೆನ್ನಲಿಲ್ಲ. "ಎಲ್ಲೂ ಹೋಗಿಲ್ಲ. ಅಳಿಸಿದ್ದೆಲ್ಲ ಈ ಕಸದ ಬುಟ್ಟೀಲಿ ಇರತ್ತೆ. ನೋಡು." ಇಬ್ಬರೂ ಸೇರಿ ಒತ್ತಿದರು. ಲೇಖನಗಳು ಒಂದೊಂದಾಗಿ ಎದ್ದು ಬಂದು ತಮ್ಮ ತಮ್ಮ ಜಾಗದಲ್ಲಿ ಕೂತವು.

"ಯಾಕೆ ಅಳಿಸ್ದೆ?"

"ಚೆಂದ ಇದ್ದಾರೆ ಅವ್ರು."

"ಹೌದಾ? ನಾನು ಫೋಟೋ ನೋಡೇ ಇಲ್ವಲ್ಲ."

"ಮತ್ಯಾಕೆ ಓದ್ತಾ ಓದ್ತಾ ನಗ್ತಿದ್ದೆ?"

"ನಿನ್ನ ಮೂಗು ನೋಡಿ." ಆಮೇಲೆ ಅವನ ದನಿ ಇಳಿಯಿತು. "ನಾಡಿದ್ದು ನಿಂದು ಮುಗಿಯತ್ತೆ. ಲೈಬ್ರರಿ ಬೇರೆ ಬೇರೆ ಮಾಡ್ಕೊಳ್ಬೇಕೇನೋ ಅಂತ ನಾನು ಒಳಗೊಳಗೇ ಸಾಯ್ತಿದ್ದೀನಿ. ನೀನು ನೋಡಿದ್ರೆ..."

"ಪಾಲು ಮಾಡಿ ನೋಡು, ಕೈ ಮುರೀತೀನಿ!"

ಅವನು ಕಿವಿಯವರೆಗೂ ನಕ್ಕು ನನ್ನ ಕಡೆ ತಿರುಗಿದ. "ಅಜ್ಜೀ, ಕೇಳಿಸ್ತಲ್ಲ? ನೀವೇ ಸಾಕ್ಷಿ."

"ಕೇಳಿಸ್ದೆ ಏನಪ್ಪಾ, ಪಕ್ಕದ ಮನೆಗೂ ಕೇಳಿಸ್ತು. ಇವಳ ತಾತನ ಬೀಡಿ ಕಟ್ಟು ಎಸೆದಾಗ ನಂಗೂ ಇಂಥ ಬುಟ್ಟಿ ಇದ್ದಿದ್ರೆ ಆ ಮನುಷ್ಯ ಅಷ್ಟು ದಿನ ಮಾತು ಬಿಡ್ತಿರ್ಲಿಲ್ಲ," ಎಂದೆ. "ಈಗ ಅವಳ ಕೈ ಬಿಡು. ಮೂರನೇ ಅಧ್ಯಾಯ ಯಾರು ಮುಗಿಸ್ತಾರೆ?"

ಅವನು ಬಿಡಲಿಲ್ಲ. ಪುಟ್ಟಿ ಎಡಗೈಯಲ್ಲೇ ಟೈಪ್ ಮಾಡತೊಡಗಿದಳು.