ಅರ್ಧ ಇಂಚಿನ ಅಂತರ

"ಈ ಪಂಪ್ ನಿಮಗೆ ಕೊಡಲ್ಲ," ಎಂದ ಬಿಡಿಭಾಗಗಳ ಅಂಗಡಿಯವನು.

ಲೆಕ್ಕದ ಟೀಚರ್‌ಗೆ ಮೈ ಉರಿಯಿತು. ಕೌಂಟರಿನ ಮೇಲೆ ಹೊಚ್ಚಹೊಸ ವಾಟರ್ ಪಂಪ್ ಫಳಫಳ ಹೊಳೆಯುತ್ತಿತ್ತು. ಪಕ್ಕದಲ್ಲಿ ಅವಳು ಮನೆಯ ಕಾರಿನ ಎಂಜಿನ್ನಿನಿಂದ ಬಿಚ್ಚಿಸಿ ತಂದ ಹಳೆಯದು, ನೀರು ಸೋರಿ ಸೋರಿ ತುಕ್ಕಿನ ಬಣ್ಣಕ್ಕೆ ತಿರುಗಿತ್ತು.

"ಯಾಕೆ? ಹೆಂಗಸರಿಗೆ ಇದೆಲ್ಲ ಗೊತ್ತಾಗಲ್ಲ ಅಂತಾನಾ?"

"ಅಯ್ಯೋ, ಹಾಗಲ್ಲ ಮೇಡಂ..."

ಮುಂದಿನ ಮಾತಿಗೆ ಅವಳು ನಿಲ್ಲಲಿಲ್ಲ. ಹಳೆಯದನ್ನು ಚೀಲಕ್ಕೆ ತುರುಕಿಕೊಂಡು ದುಡುದುಡು ನಡೆದುಬಿಟ್ಟಳು.

ಅವಳಿಗೆ ತಾಳ್ಮೆ ಕಡಿಮೆಯೇನಲ್ಲ. ಆದರೆ ಅಪ್ಪ ಗಡುವು ಕೊಟ್ಟಿದ್ದರು: "ಮುಂದಿನ ಭಾನುವಾರದೊಳಗೆ ಸರಿಹೋದ್ರೆ ಸರಿ. ಇನ್ನೊಂದು ಸಲ ದಾರಿ ಮಧ್ಯೆ ಬಿಸಿಯಾಗಿ ಕೂತ್ರೆ ಗುಜರಿಗೆ." ಆ ಕಾರಿಗೆ ಅವಳಿಗಿಂತ ಹನ್ನೆರಡು ವರ್ಷ ಹೆಚ್ಚು ವಯಸ್ಸು. ಮಗುವಾಗಿದ್ದಾಗ ಅದರ ಹಿಂದಿನ ಸೀಟಿನಲ್ಲಿ ನಿದ್ದೆ ಮಾಡಿದ್ದಳು, ದೊಡ್ಡವಳಾದ ಮೇಲೆ ಅದರಲ್ಲೇ ಡ್ರೈವಿಂಗ್ ಕಲಿತಿದ್ದಳು. ಅದನ್ನು ತೂಕಕ್ಕೆ ಹಾಕುವುದೆಂದರೆ ಮನೆಯವರನ್ನೇ ಹಾಕಿದಂತೆ.

ಕೌಂಟರಿನ ಮೇಲಿದ್ದಂಥದ್ದೇ ಹೊಸ ಪಂಪನ್ನು ಬೇರೆ ಅಂಗಡಿಯಲ್ಲಿ ಕೊಂಡಳು. ಮೆಕ್ಯಾನಿಕ್ ಜೋಡಿಸಿ ನೋಡಿದರೆ, ಫ್ಯಾನಿನ ರೆಕ್ಕೆ ರೇಡಿಯೇಟರಿಗೆ ಒರಗಿಕೊಂಡು ನಿಂತಿತ್ತು. ಎಂಜಿನ್ ಚಾಲೂ ಮಾಡಿದ್ದರೆ ರೇಡಿಯೇಟರ್ ಚಿಂದಿ.

ಸೋಮವಾರ ಮುಖ ಸಣ್ಣದು ಮಾಡಿಕೊಂಡು ಮತ್ತೆ ಅದೇ ಕೌಂಟರಿನ ಮುಂದೆ ನಿಂತಳು.

"ಫ್ಯಾನ್ ಕೂರೋ ಶಾಫ್ಟ್ ಅರ್ಧ ಇಂಚು ಜಾಸ್ತಿ ಉದ್ದ, ಅಲ್ವಾ?" ಅವನೇ ಕೇಳಿದ. "ಅದು ಇದೇ ಕಾರಿನ ಆಮೇಲಿನ ವರ್ಷಗಳ ಎಂಜಿನ್‌ಗೆ ಬರೋ ಪಂಪ್."

"ಅವತ್ತೇ ಹೇಳಬಾರದಿತ್ತಾ?"

"ಹೇಳೋಕೆ ಬಾಯಿ ತೆರೆದೆ. ಅಷ್ಟರಲ್ಲಿ ನೀವು ಬಸ್ ಸ್ಟಾಪಲ್ಲಿದ್ರಿ."

ತಡೆಯಲಾರದೆ ಅವಳು ನಕ್ಕಳು. ಅವನು ಹಳೆಯ ಪಂಪನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದ. "ಇದರ ಬಾಡಿ ಗಟ್ಟಿಮುಟ್ಟಾಗಿದೆ. ಒಳಗಡೆ ಬೇರಿಂಗು, ನೀರು ಸೋರದ ಹಾಗೆ ತಡೆಯೋ ಸೀಲು ಹೊಸದು ಹಾಕಿಕೊಡ್ತೀನಿ. ಹೊಸ ಪಂಪಿಗಿಂತ ಇದೇ ಮೇಲು. ಸೀಲು ಬರೋಕೆ ಎರಡು ಮೂರು ದಿನ ಆಗುತ್ತೆ, ಪರವಾಗಿಲ್ವಾ?"

"ಪರವಾಗಿಲ್ಲ," ಎಂದಳು. ಯಾಕೋ ಅವಳಿಗೆ ನಿಜವಾಗಿಯೂ ಪರವಾಗಿರಲಿಲ್ಲ.

ಮಂಗಳವಾರ ಶಾಲೆ ಬಿಟ್ಟ ಮೇಲೆ ಬಂದಳು. "ಸೀಲು ಬಂತಾ?"

"ಇಲ್ಲ."

ಬುಧವಾರವೂ ಬಂದಳು. ಅವನು ಬೇರೊಂದು ಪಂಪಿನ ಬೇರಿಂಗ್ ಕೂರಿಸುತ್ತಿದ್ದ. ಕೈತುಂಬ ಗ್ರೀಸ್ ಇದ್ದುದರಿಂದ ಜಾರುವ ಕನ್ನಡಕವನ್ನು ಮಣಿಕಟ್ಟಿನಿಂದ ಮೇಲೇರಿಸಿದ. ಹಣೆಯ ಮೇಲೊಂದು ಕಪ್ಪು ಗೆರೆ ಬಿತ್ತು.

"ಹಣೆ ಮೇಲೆ ಗ್ರೀಸ್."

"ಎಲ್ಲಿ?" ಒರೆಸಲು ಹೋಗಿ ಗೆರೆಯನ್ನು ಹುಬ್ಬಿನವರೆಗೂ ಎಳೆದ.

"ಸಾಕು, ಬಿಡಿ." ಅವಳೇ ಕರ್ಚೀಫ್ ತೆಗೆದು, ಕೌಂಟರಿನ ಮೇಲೆ ಬಾಗಿ ಒರೆಸಿದಳು. ಅಷ್ಟು ಹತ್ತಿರದಿಂದ ಅವನ ಕಣ್ಣು ಜೇನುಬಣ್ಣದ್ದು ಎಂದು ತಿಳಿಯಿತು. ಗೆರೆ ಹೋದ ಮೇಲೂ ಇನ್ನೆರಡು ಸಲ ಒರೆಸಿದಳು. ಅವನು ಉಸಿರು ಬಿಗಿಹಿಡಿದು ಕದಲದೆ ನಿಂತಿದ್ದ.

ಗುರುವಾರ ಅವಳು ಮೆಟ್ಟಿಲು ಹತ್ತುವಷ್ಟರಲ್ಲೇ, "ಬಂತು," ಎಂದ.

"ಒಳ್ಳೇದಾಯ್ತಲ್ಲ! ಅದನ್ನ ಅಷ್ಟು ಸಪ್ಪೆ ಮುಖ ಮಾಡ್ಕೊಂಡು ಹೇಳ್ಬೇಕಾ?"

"ಪಂಪ್ ಸರಿಹೋದ ಮೇಲೆ ನೀವ್ಯಾಕೆ ಬರ್ತೀರ ಈ ಕಡೆ?" ಅವನ ಕಣ್ಣು ಕೈಯಲ್ಲಿದ್ದ ಸೀಲಿನ ಮೇಲೇ ಇತ್ತು.

ಅವಳು ಬಾಗಿಲ ಮೇಲಿನ ಬೋರ್ಡ್ ತೋರಿಸಿದಳು. "ಬೋರ್ಡ್ ಮೇಲೆ ನಿಮ್ಮ ಫೋನ್ ನಂಬರ್ ಇದೆ. ಫೋನ್ ಮಾಡಿ ಕೇಳಿದ್ರೆ ಸಾಕಿತ್ತು. ಎರಡೆರಡು ಬಸ್ ಹತ್ತಿ ಇಳಿದು ದಿನಾ ಯಾಕೆ ಬರ್ತಿದ್ದೆ ಅಂದ್ಕೊಂಡ್ರಿ?"

ಅವನು ಮೆಲ್ಲಗೆ ತಲೆಯೆತ್ತಿದ. ಗಿರಾಕಿಯೊಬ್ಬರು ಬಂದು, ಕೆಮ್ಮಿ, ಕಾದು, ಹೊರಟೇಹೋದರು.

ಭಾನುವಾರ ಊರಾಚೆಯ ಏರುದಾರಿಯಲ್ಲಿ ಪರೀಕ್ಷೆ. ಅವಳು ಓಡಿಸುತ್ತಿದ್ದಳು. ಬಿಸಿ ತೋರಿಸುವ ಸೂಜಿಯ ಮೇಲೆ ಕಣ್ಣಿಡಲು ಅವನು ಪಕ್ಕದಲ್ಲಿ ಕುಳಿತಿದ್ದ. ಅಪ್ಪ ಹಿಂದಿನ ಸೀಟಿನಲ್ಲಿ.

"ಸೂಜಿ ಏರಿತಾ?" ಅಪ್ಪ ಕೇಳಿದರು.

"ಇಲ್ಲ ಸರ್. ಮಧ್ಯದಲ್ಲೇ ನಿಂತಿದೆ."

"ನೀವು ಸೂಜಿ ನೋಡ್ತಿದ್ದೀರೋ, ನನ್ನ ಮಗಳನ್ನ ನೋಡ್ತಿದ್ದೀರೋ?"

ಅವನ ಕಣ್ಣು ತಟ್ಟನೆ ಸೂಜಿಗೆ ಮರಳಿತು.

"ಎರಡನ್ನೂ, ಸರ್," ಎಂದ ಅವನು, ಕಿವಿಯವರೆಗೂ ಕೆಂಪಾಗಿ.

ಅಪ್ಪ ಗಂಟಲು ಸರಿಮಾಡಿಕೊಂಡರು. "ಹಾಗಾದ್ರೆ ಮುಂದಿನ ತಿರುವಲ್ಲಿ ಮನೆ ಕಡೆ ತಿರುಗಿಸಮ್ಮ. ನಿಮ್ಮಮ್ಮನೂ ಇವರನ್ನ ಒಂದ್ಸಲ ನೋಡಲಿ."

ತಿರುವು ಇನ್ನೂ ದೂರವಿತ್ತು. ಅವಳು ಆಗಲೇ ಇಂಡಿಕೇಟರ್ ಹಾಕಿದಳು.