ಪಾಲಿಶ್ ಹಚ್ಚದ ಮೇಜು

ಮೇಜು ಮನೆಗೆ ಬಂದು ಕೂತಿತ್ತು, ಪಾಲಿಶ್ ಮಾತ್ರ ಆಗಿರಲಿಲ್ಲ. ಹಚ್ಚಿ ತಂದರೆ ದಾರಿಯಲ್ಲಿ ಗೀರು ಬೀಳುತ್ತದೆ, ಮನೆಯಲ್ಲೇ ಹಚ್ಚಬೇಕು ಅಂತ ಬಡಗಿಯ ಹಟ. ಯಾವುದನ್ನು ಹಚ್ಚಬೇಕು ಅಂತ ಹೇಳದೆ ಟೈಲರಮ್ಮ ದಿನ ತಳ್ಳುತ್ತಿದ್ದಳು.

ಅಮ್ಮ ತೀರಿಕೊಂಡ ಮೇಲೆ ಅವಳ ಊಟ ಒಲೆಯ ಮುಂದೆ ನಿಂತೇ ಮುಗಿಯುತ್ತಿತ್ತು. ಒಬ್ಬಳಿಗೆ ಏನು ಬಡಿಸಿಕೊಳ್ಳೋದು? ಹೊಲಿಗೆ ಮೆಷಿನ್ನಿನ ಸದ್ದು ನಿಂತರೆ ಮನೆಯಲ್ಲಿ ಗೋಡೆ ಗಡಿಯಾರದ್ದೇ ದರ್ಬಾರು. ಕೂತು ಉಣ್ಣುವ ಆಸೆಯಿಂದ ಮೇಜು ಮಾಡಲು ಹೇಳಿದ್ದಳು. ಈಗ ಬಡಗಿ ಸಂಜೆ ಬಂದು, ಅದೇ ಮರದ ತುಂಡಿಗೆ ಒಂದೊಂದು ಬಗೆಯ ಪಾಲಿಶ್ ಹಚ್ಚಿ ತೋರಿಸಿ ಹೋಗುತ್ತಿದ್ದ. ಅವನು ಬರುವ ಹೊತ್ತಿಗೆ ಅವಳು ಜಡೆ ಬಿಚ್ಚಿ ಮತ್ತೆ ಹೆಣೆದುಕೊಳ್ಳುತ್ತಿದ್ದಳು.

ಮೇಣದ್ದು ಮಂಕು ಎಂದಳು ಒಂದು ದಿನ. ಅರಗಿನದು ಬಿಸಿ ಲೋಟಕ್ಕೆ ಬೆಳ್ಳಗಾಯಿತು ಎಂದಳು ಇನ್ನೊಂದು ದಿನ. ತಪ್ಪು ಹುಡುಕುವುದನ್ನು ಬಟ್ಟೆ ಹೊಲಿಸುವವರೇ ಅವಳಿಗೆ ಚೆನ್ನಾಗಿ ಕಲಿಸಿದ್ದರು.

"ಏನೇ, ಒಂದು ಮೇಜಿಗೆ ಇಷ್ಟು ಪರೀಕ್ಷೆ! ಗಂಡು ನೋಡೋರೂ ಇಷ್ಟು ಸಲ ನೋಡಲ್ಲ," ಎಂದಳು ಪಕ್ಕದ ಮನೆಯ ಅಜ್ಜಿ.

"ಸುಮ್ನಿರಿ ಅಜ್ಜಿ." ಅವಳ ಕಿವಿ ಬಿಸಿಯಾಯಿತು.

ಆ ಸಂಜೆ ಬಡಗಿಯ ಕೈಯಲ್ಲಿ ಎರಡು ತುಂಡುಗಳಿದ್ದವು. "ಇನ್ನು ಬೇರೆ ಬಗೆ ಇಲ್ಲ ಟೈಲರಮ್ಮ," ಎಂದ.

ಜಡೆಯ ತುದಿ ತಿರುವುತ್ತಿದ್ದ ಅವಳ ಬೆರಳು ನಿಂತಿತು.

"ಇದು ಅಗಸೆ ಎಣ್ಣೆ. ಮುಟ್ಟಿದರೆ ಮರ ಮರದ ಹಾಗೇ ಇರುತ್ತೆ. ಆದರೆ ಆಗಾಗ ಹಚ್ಚುತ್ತಿರಬೇಕು. ಇದು ವಾರ್ನಿಶ್. ಒಂದು ಸಲ ಸರಿಯಾಗಿ ಹೊಡೆದರೆ ಮುಗೀತು, ನೀರಿಗೂ ಬಿಸಿಗೂ ಜಗ್ಗಲ್ಲ."

ಎಣ್ಣೆಯ ತುಂಡನ್ನು ಅವಳು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಆಗಾಗ ಅಂದರೆ, ನೀವು ಬರಬೇಕಾಗುತ್ತೆ ಅಲ್ವಾ ಮೇಸ್ತ್ರಿ?"

ಅವನು ಅವಳನ್ನೇ ನೋಡಿದ, ಕಣ್ಣು ತಪ್ಪಿಸಿದ. ಹೂಂ ಅಂದಿದ್ದರೆ ಸಾಕಿತ್ತು.

"ನಾನ್ಯಾಕೆ? ಬಟ್ಟೆ ಚೂರಲ್ಲಿ ಅದ್ದಿ ನೀವೇ ಒರೆಸಬಹುದು. ನಿಮ್ಮನೇಲಿ ಬಟ್ಟೆ ಚೂರಿಗೆ ಬರವಾ?" ಎಂದು ನಗಲು ನೋಡಿದ. ನಗು ಅರ್ಧಕ್ಕೇ ನಿಂತಿತು.

ಒಂದು ಸುಳ್ಳು ಹೇಳಲು ಬಾರದ ಈ ಗಂಡಸಿನ ಮೇಲೆ ಅವಳಿಗೆ ಸಿಟ್ಟೇ ಬಂತು. ಇನ್ನು ನೆಪಗಳು ಉಳಿದಿರಲಿಲ್ಲ. ಇವತ್ತು ಬಾಯಿ ಬಿಡದಿದ್ದರೆ ಆ ಮೇಜಿನ ಮುಂದೆ ಕೊನೆತನಕ ತಾನೊಬ್ಬಳೇ.

"ಹಾಗಾದರೆ ವಾರ್ನಿಶ್ ಹೊಡೀರಿ."

"ಸರಿ." ಎಣ್ಣೆಯ ತುಂಡನ್ನು ತೆಗೆದುಕೊಂಡು ಚೀಲಕ್ಕೆ ಹಾಕಿದ. "ಒಳ್ಳೇದೇ ಆಯ್ತು. ನನ್ನ ಕಾಟ ತಪ್ಪುತ್ತೆ."

"ಮೇಜಿಗೋಸ್ಕರ ನೀವು ಬರೋದು ಬೇಡ," ಎಂದಳು. ದನಿ ನಡುಗಿತು, ನಡುಗಲಿ ಎಂದು ಬಿಟ್ಟಳು. "ಊಟಕ್ಕೆ ಬನ್ನಿ. ದಿನಾ ಬನ್ನಿ."

ಬಡಗಿಯ ಕೈ ಚೀಲದೊಳಗೇ ಉಳಿಯಿತು. ಹೆಂಡತಿ ತೀರಿಕೊಂಡಾಗಿನಿಂದ ಹೋಟೆಲಿನ ಮೂಲೆ ಬೆಂಚಿನಲ್ಲಿ ಗೋಡೆ ನೋಡುತ್ತಾ ಉಂಡವನು. ಕೈ ಹೊರತೆಗೆದು ಚೀಲವನ್ನು ಗೋಡೆಗೆ ಒರಗಿಸಿದ.

"ಉಣ್ಣೋವಾಗ ಮಾತಾಡೋ ಅಭ್ಯಾಸ ತಪ್ಪಿಹೋಗಿದೆ ನನಗೆ."

"ನನಗೇನು ಇದೆಯಾ?"

"ವಾರ್ನಿಶ್ ಒಣಗಿ ಗಟ್ಟಿಯಾಗೋಕೆ ವಾರವಾದ್ರೂ ಬೇಕು," ಎಂದ ಮೆಲ್ಲಗೆ. "ಅಲ್ಲೀತನಕ ಅದರ ಮೇಲೆ ತಟ್ಟೆ ಇಡೋ ಹಾಗಿಲ್ಲ."

ಅವಳು ಆಗಲೇ ಕಪಾಟಿನಿಂದ ಎರಡನೇ ತಟ್ಟೆ ಇಳಿಸಿ, ಧೂಳು ತೊಳೆಯುತ್ತಿದ್ದಳು.

"ಅದು ಮೇಜಿನ ಪಾಡು. ನೀವು ಕೈ ತೊಳ್ಕೊಂಡು ಬನ್ನಿ, ನೆಲದ ಮೇಲೇ ಕೂರೋಣ."